ಉದ್ದೇಶದ ನಿಗೂಢತೆ ಮತ್ತು ಅಧಿಕಾರದ ಆಟ: ಶಕುನಿಯ ದಾಳದಿಂದ ತುಘಲಕನ ಚದುರಂಗದವರೆಗೆ

೧. ಪೀಠಿಕೆ

ರಹಸ್ಯಕಥನದ ಮುಂದೆ ಸಾಮಾನ್ಯವಾಗಿ ಮೂರು ಪ್ರಶ್ನೆಗಳಿರುತ್ತವೆ: ಕೃತ್ಯವನ್ನು ಎಸಗಿದವರು ಯಾರು, ಹೇಗೆ ಎಸಗಿದರು, ಏಕೆ ಎಸಗಿದರು? ಇವುಗಳಲ್ಲಿ ಮೊದಲ ಎರಡು ಪ್ರಶ್ನೆಗಳು ಸಾಕ್ಷ್ಯಕ್ಕೆ ಸಂಬಂಧಿಸಿದವು. ಮೂರನೆಯದು ಮನುಷ್ಯನ ಒಳಗಿಗೆ ಸಂಬಂಧಿಸಿದ್ದು. ೧೯೪೯ರಲ್ಲಿ ಇಂಗ್ಲೆಂಡಿನ ಮಾರುಕಟ್ಟೆಗೆ ಬಂದು ಮುಂದೆ ಜಗತ್ತಿನ ಹಲವೆಡೆ ಪ್ರಚಲಿತವಾದ 'ಕ್ಲೂಡೊ' ಎಂಬ ಹಲಗೆಯಾಟವನ್ನು ಇಲ್ಲಿ ನೆನೆಯಬಹುದು. ಆಟಗಾರರು ಅದರಲ್ಲಿ ಕಂಡುಹಿಡಿಯಬೇಕಾದದ್ದು ಕೊಲೆಗಾರನನ್ನು, ಆಯುಧವನ್ನು ಹಾಗೂ ಕೊಲೆ ನಡೆದ ಕೋಣೆಯನ್ನು ಮಾತ್ರ. 'ಏಕೆ' ಎಂಬುದಕ್ಕೆ ಆ ಆಟದಲ್ಲಿ ಚೀಟಿಯೇ ಇಲ್ಲ. ಚೀಟಿಗಳಲ್ಲಿ ಅಡಗಿಸಿಡಬಹುದಾದದ್ದು ಸಂಗತಿಯೇ ಹೊರತು ಉದ್ದೇಶವಲ್ಲ ಎಂಬ ತಿಳಿವು ಅಲ್ಲಿ ಅರಿತೋ ಅರಿಯದೆಯೋ ಕೆಲಸ ಮಾಡಿದೆ. ಕನ್ನಡದಲ್ಲಿ ಎನ್. ನರಸಿಂಹಯ್ಯನವರು ಅಪಾರ ಓದುಗವರ್ಗಕ್ಕೆ ತಲುಪಿಸಿದ ಪತ್ತೇದಾರಿ ಕಾದಂಬರಿಯ ಪ್ರಕಾರವನ್ನು ಗಮನಿಸಿದರೆ ಅಲ್ಲಿ 'ಏಕೆ' ಎಂಬುದಕ್ಕೆ ಸ್ಥಾನವುಂಟು. ಆದರೆ ಕಥೆ ಮುಗಿಯುವುದರೊಳಗೆ ಅದು ಇತ್ಯರ್ಥವಾಗಲೇಬೇಕು ಎಂಬುದು ಆ ಪ್ರಕಾರದ ಒಪ್ಪಂದ. ಆಸ್ತಿ, ಮತ್ಸರ, ಪ್ರತೀಕಾರ ಇವುಗಳಲ್ಲಿ ಒಂದು ಉತ್ತರವಾಗಿ ದೊರೆತೊಡನೆ ಓದುಗ ನೆಮ್ಮದಿಯಿಂದ ಪುಸ್ತಕ ಮುಚ್ಚುತ್ತಾನೆ.

ರಾಜಕೀಯ ಭ್ರಷ್ಟತೆಯನ್ನು ವಸ್ತುವಾಗುಳ್ಳ ರಹಸ್ಯಕಥನದಲ್ಲಿ ಈ ಒಪ್ಪಂದ ಮುರಿದುಬೀಳುತ್ತದೆ. ಅಲ್ಲಿ ಮಾಡಿದವರು ಯಾರೆಂಬುದು ಊರಿಗೆಲ್ಲ ಗೊತ್ತಿರುತ್ತದೆ. ಹೇಗೆ ಎಂಬುದೂ ಬಹುಮಟ್ಟಿಗೆ ತಿಳಿದಿರುತ್ತದೆ. ಉಳಿಯುವುದು 'ಏಕೆ' ಎಂಬ ಪ್ರಶ್ನೆಯೊಂದೇ. ಲೋಕಹಿತಕ್ಕಾಗಿಯೋ ಸ್ವಹಿತಕ್ಕಾಗಿಯೋ? ಆದರ್ಶದಿಂದಲೋ ಕಪಟದಿಂದಲೋ? ಅಧಿಕಾರದಲ್ಲಿರುವವರ ಕುರಿತ ನಮ್ಮ ಚರ್ಚೆಗಳೆಲ್ಲ ಈ ಪ್ರಶ್ನೆಯ ಸುತ್ತ ಗಿರಕಿ ಹೊಡೆಯುತ್ತವೆ. ಗಿರೀಶ ಕಾರ್ನಾಡರ 'ತುಘಲಕ್' (೧೯೬೪) ಈ ಪ್ರಶ್ನೆಯನ್ನು ಕನ್ನಡದಲ್ಲಿ ಅತ್ಯಂತ ತೀಕ್ಷ್ಣವಾಗಿ ಎತ್ತಿದ ಕೃತಿ. ಅದರಲ್ಲಿ ಚದುರಂಗವಿದೆ, ಕೊಲೆಗಳಿವೆ, ಒಳಸಂಚುಗಳಿವೆ, ಖೋಟಾ ನಾಣ್ಯಗಳಿವೆ, ಲಂಚವಿದೆ, ವೇಷಾಂತರವಿದೆ. ರಹಸ್ಯಕಥನದ ಸಕಲ ಸಾಮಗ್ರಿಯೂ ಇದ್ದು, ರಹಸ್ಯಕಥನ ಕೊಡುವ ಕೊನೆಯ ನೆಮ್ಮದಿಯನ್ನು ಮಾತ್ರ ಅದು ಕೊಡುವುದಿಲ್ಲ.

ಈ ನಾಟಕವನ್ನು ಪದವಿ ತರಗತಿಗಳಲ್ಲಿ ಬೋಧಿಸುವಾಗ ಎದುರಾಗುವ ತೊಡಕೊಂದು ಪ್ರಸ್ತುತ ಲೇಖನಕ್ಕೆ ಪ್ರೇರಣೆ. ವಿದ್ಯಾರ್ಥಿಗಳ ಉತ್ತರಗಳು ಸಾಮಾನ್ಯವಾಗಿ ಎರಡು ತೀರ್ಪುಗಳಲ್ಲಿ ಒಂದಕ್ಕೆ ಬಂದು ನಿಲ್ಲುತ್ತವೆ. ತುಘಲಕ ಕಾಲಕ್ಕಿಂತ ಮುಂದಿದ್ದ ಆದರ್ಶವಾದಿ, ಅವನನ್ನು ಅರಿಯದ ಪ್ರಜೆಗಳಿಂದ ಸೋತ ಎಂಬುದು ಒಂದು. ಅವನು ಆದರ್ಶದ ಮುಖವಾಡ ತೊಟ್ಟ ಕುಟಿಲ ರಾಜಕಾರಣಿ ಎಂಬುದು ಇನ್ನೊಂದು. ಈ ಎರಡೂ ಉತ್ತರಗಳು ಉದ್ದೇಶದ ಒಗಟನ್ನು ಬಿಡಿಸಿದೆವೆಂದು ನಂಬುತ್ತವೆ. ಹಾಗೆ ನಂಬುವುದರ ಮೂಲಕ ನಾಟಕದಲ್ಲಿ ಸತ್ತವರನ್ನು ಮರೆಯುತ್ತವೆ. ಉದ್ದೇಶದ ಸಂದಿಗ್ಧತೆಯನ್ನು ಬಿಡಿಸಬೇಕಾದ ಒಗಟೆಂದು ಕಾಣದೆ, ಅಧಿಕಾರ ಬಳಸುವ ಒಂದು ಸಾಧನವೆಂದು ಕಂಡರೆ ನಾಟಕದ ಓದು ಹೇಗೆ ಬದಲಾಗುತ್ತದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಆಶಯ.

೨. ಗುಪ್ತ ಉದ್ದೇಶದ ದೇಸಿ ಮಾದರಿ: ಬಯಲ ರಂಗದ ಶಕುನಿ

ಹಳೆಯ ಮೈಸೂರು ಸೀಮೆಯ ಗ್ರಾಮೀಣ ವಿದ್ಯಾರ್ಥಿ 'ತುಘಲಕ್' ನಾಟಕಕ್ಕೆ ಬರುವ ಮೊದಲೇ ಅಧಿಕಾರದ ಆಟವನ್ನು ಕುರಿತ ಇನ್ನೊಂದು ನಾಟಕವನ್ನು ನೋಡಿರುತ್ತಾನೆ ಎಂಬುದನ್ನು ನಾವು ಗಣನೆಗೆ ತೆಗೆದುಕೊಳ್ಳುವುದು ಕಡಿಮೆ. ಹೊಸಕೋಟೆ ತಾಲ್ಲೂಕಿನ ಸೂಲಿಬೆಲೆ, ನಂದಗುಡಿ, ಜಡಿಗೇನಹಳ್ಳಿ ಹೋಬಳಿಗಳನ್ನೂ ಒಳಗೊಂಡ ಈ ಬಯಲುಸೀಮೆಯಲ್ಲಿ ಊರಿನ ಹವ್ಯಾಸಿಗಳು ಹಾರ್ಮೋನಿಯಂ ಮೇಷ್ಟ್ರ ಕೈಕೆಳಗೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿ, ಬಾಡಿಗೆಯ ಸೀನರಿ ಕಟ್ಟಿಸಿ, ರಾತ್ರಿಯಿಡೀ ಆಡುವ ಪೌರಾಣಿಕ ನಾಟಕಗಳಲ್ಲಿ 'ಕುರುಕ್ಷೇತ್ರ'ಕ್ಕೆ ವಿಶೇಷ ಸ್ಥಾನವಿದೆ. ದುರ್ಯೋಧನ, ಭೀಮ, ಕೃಷ್ಣರ ಪಾತ್ರಗಳಿಗೆ ಇರುವಷ್ಟೇ ಬೇಡಿಕೆ ಶಕುನಿಯ ಪಾತ್ರಕ್ಕೂ ಇದೆ. ಒಳ್ಳೆಯ ಶಕುನಿ ಇಲ್ಲದ ನಾಟಕ ಸಪ್ಪೆ ಎಂಬ ಅಭಿಪ್ರಾಯ ಪ್ರೇಕ್ಷಕರಲ್ಲಿ ಸಾಮಾನ್ಯವಾದುದು.

ಈ ಶಕುನಿ ವ್ಯಾಸಭಾರತದ ಶಕುನಿಯಲ್ಲ. ವ್ಯಾಸಭಾರತದ ಸಭಾಪರ್ವದಲ್ಲಿ ಶಕುನಿ ಜೂಜಿನಲ್ಲಿ ನಿಪುಣ. ಇಂದ್ರಪ್ರಸ್ಥದ ಸಂಪತ್ತನ್ನು ಕಂಡು ಬೆಂದ ಸೋದರಳಿಯನಿಗೆ ಯುದ್ಧವಿಲ್ಲದೆ ಅದನ್ನು ಗಳಿಸುವ ದಾರಿಯನ್ನು ತೋರುವವನು. ಅವನ ಉದ್ದೇಶ ಅಳಿಯನ ಪಕ್ಷಪಾತವೇ ಹೊರತು ಬೇರೆಯದಲ್ಲ. ಜನಪದ ಐತಿಹ್ಯ ಇದಕ್ಕೆ ಇನ್ನೊಂದು ಪದರವನ್ನು ಸೇರಿಸಿದೆ. ಕೌರವರು ಶಕುನಿಯ ತಂದೆಯನ್ನೂ ಸಹೋದರರನ್ನೂ ಸೆರೆಯಲ್ಲಿಟ್ಟು, ಹೊಟ್ಟೆಗೆ ಸಾಲದಷ್ಟು ಅನ್ನವಿಟ್ಟು ಕೊಂದರು. ಒಬ್ಬನಾದರೂ ಬದುಕಲೆಂದು ಉಳಿದವರು ತಮ್ಮ ಪಾಲನ್ನು ಶಕುನಿಗೆ ಕೊಟ್ಟರು. ಸತ್ತ ತಂದೆಯ ಮೂಳೆಯಿಂದಲೇ ಶಕುನಿ ದಾಳಗಳನ್ನು ಮಾಡಿಕೊಂಡ. ಹೀಗಾಗಿ ಅವನು ಕೌರವರ ಪರವಾಗಿ ಆಡುತ್ತಿರುವಂತೆ ಕಂಡರೂ ಆಡುತ್ತಿರುವುದು ಕೌರವಕುಲದ ನಾಶಕ್ಕಾಗಿ. ಈ ಕಥೆ ವ್ಯಾಸಭಾರತದ ಮೂಲಕಥನದ ಭಾಗವಲ್ಲ. ಆದರೂ ಬಯಲುಸೀಮೆಯ ಪ್ರೇಕ್ಷಕನಿಗೆ ಇದೇ ಶಕುನಿಯ ನಿಜವಾದ ಕಥೆ.

ಈ ಸೇರ್ಪಡೆಯ ನಾಟಕೀಯ ಪರಿಣಾಮವನ್ನು ಸೂಕ್ಷ್ಮವಾಗಿ ಗಮನಿಸಬೇಕು. ರಂಗದ ಮೇಲೆ ದುರ್ಯೋಧನನಿಗೆ ತಿಳಿಯದ ಸಂಗತಿ ಪ್ರೇಕ್ಷಕನಿಗೆ ತಿಳಿದಿದೆ. ಶಕುನಿ ಅಳಿಯನನ್ನು ಹೊಗಳಿದಾಗಲೆಲ್ಲ ಪ್ರೇಕ್ಷಕ ಒಂದು ಮಾತಿನಲ್ಲಿ ಎರಡು ಅರ್ಥಗಳನ್ನು ಕೇಳುತ್ತಾನೆ. ಇಲ್ಲಿ ಉದ್ದೇಶ ಗುಪ್ತವೇ ಹೊರತು ಸಂದಿಗ್ಧವಲ್ಲ. ಗುಪ್ತವಾದುದಕ್ಕೆ ಬೀಗದ ಕೈಯಿರುತ್ತದೆ, ಆ ಕೈ ಪ್ರೇಕ್ಷಕನ ಬಳಿಯೇ ಇರುತ್ತದೆ. ಸಂದಿಗ್ಧವಾದುದಕ್ಕೆ ಕೈಯೇ ಇರುವುದಿಲ್ಲ. ಈ ಭೇದವನ್ನು ಸ್ಪಷ್ಟಪಡಿಸಿಕೊಳ್ಳದೆ 'ತುಘಲಕ್' ನಾಟಕವನ್ನು ಪ್ರವೇಶಿಸಿದ ಓದುಗ ಅಲ್ಲಿಯೂ ಮೂಳೆಯ ದಾಳವನ್ನೇ ಹುಡುಕತೊಡಗುತ್ತಾನೆ.

ಗುಪ್ತ ಉದ್ದೇಶದ ಮಾದರಿಗೆ ಇನ್ನೊಂದು ಮಿತಿಯೂ ಇದೆ. ಸಭೆಯಲ್ಲಿ ನಡೆದ ಅನ್ಯಾಯದ ಹೊಣೆಯನ್ನೆಲ್ಲ ಅದು ಒಬ್ಬ ಸೇಡಿನ ಮನುಷ್ಯನ ಮೇಲೆ ಹೊರಿಸಿಬಿಡುತ್ತದೆ. ವ್ಯಾಸಭಾರತದ ದ್ಯೂತಸಭೆ ಇದಕ್ಕಿಂತ ಹೆಚ್ಚು ಕಳವಳಕಾರಿಯಾದುದು. ಅಲ್ಲಿ ಧೃತರಾಷ್ಟ್ರ ಗೆಲುವು ಯಾರದಾಯಿತು ಎಂದು ಮತ್ತೆ ಮತ್ತೆ ಕೇಳುತ್ತಾನೆ. ವಿದುರ ಎಚ್ಚರಿಸುತ್ತಾನೆ, ಆದರೆ ಆಟ ನಿಲ್ಲುವುದಿಲ್ಲ. ದ್ರೌಪದಿಯ ಪ್ರಶ್ನೆಗೆ ಭೀಷ್ಮ ಧರ್ಮದ ಸೂಕ್ಷ್ಮತೆಯನ್ನು ಮುಂದೊಡ್ಡುತ್ತಾನೆ. ಕೌರವರಲ್ಲೊಬ್ಬನಾದ ವಿಕರ್ಣ ಪ್ರತಿಭಟಿಸಿದರೆ ಕರ್ಣ ಅವನನ್ನು ಗದರುತ್ತಾನೆ. ದಾಳ ಹಾಕಿದವನು ಶಕುನಿ ನಿಜ, ಆದರೆ ಆಟಕ್ಕೆ ಮಂಟಪ ಕಟ್ಟಿಸಿದವನು ದೊರೆ, ಕುಳಿತು ನೋಡಿದವರು ಹಿರಿಯರು. ಅಧಿಕಾರದ ಭ್ರಷ್ಟತೆ ಒಬ್ಬನ ಉದ್ದೇಶದಲ್ಲಿಲ್ಲ, ಹಲವರ ಒಪ್ಪಿಗೆಯಲ್ಲಿದೆ ಎಂಬ ಈ ತಿಳಿವನ್ನು ಮೂಳೆಯ ದಾಳದ ಕಥೆ ಮರೆಸುತ್ತದೆ. ಕಾರ್ನಾಡರ ನಾಟಕ ಇದಕ್ಕೆ ತದ್ವಿರುದ್ಧವಾದ ದಾರಿಯನ್ನು ಹಿಡಿಯುತ್ತದೆ.

೩. ಚರಿತ್ರೆಯಲ್ಲಿಯೇ ಇರುವ ಒಗಟು

'ತುಘಲಕ್' ನಾಟಕದ ಸಂದಿಗ್ಧತೆ ಕೇವಲ ನಾಟಕಕಾರನ ಕಲ್ಪನೆಯಲ್ಲ. ಅದರ ಬೀಜ ಚರಿತ್ರೆಯ ಆಕರಗಳಲ್ಲಿಯೇ ಇದೆ. ೧೩೨೫ರಲ್ಲಿ ಬಂಗಾಳದ ದಂಡಯಾತ್ರೆಯಿಂದ ಮರಳಿದ ಘಿಯಾಸುದ್ದೀನ್ ತುಘಲಕನ ಸ್ವಾಗತಕ್ಕಾಗಿ ದೆಹಲಿಯ ಬಳಿ ಅಫಘಾನಪುರದಲ್ಲಿ ಮರದ ಮಂಟಪವೊಂದನ್ನು ಕಟ್ಟಲಾಗಿತ್ತು. ಅದು ಕುಸಿದು ಸುಲ್ತಾನನೂ ಅವನ ಕಿರಿಯ ಮಗನೂ ಸತ್ತರು, ಮಹಮ್ಮದ್ ಸಿಂಹಾಸನವೇರಿದ. ಜಿಯಾವುದ್ದೀನ್ ಬರನಿ ತನ್ನ 'ತಾರೀಖ್-ಇ-ಫಿರೋಜ್‌ಶಾಹಿ'ಯಲ್ಲಿ ಇದಕ್ಕೆ ಸಿಡಿಲನ್ನು ಕಾರಣವಾಗಿ ಹೇಳುತ್ತಾನೆ. ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ ಆನೆಗಳ ನಡೆಗೆ ಕುಸಿಯುವಂತೆಯೇ ಆ ಮಂಟಪವನ್ನು ಯೋಜಿಸಲಾಗಿತ್ತು ಎಂಬ ವೃತ್ತಾಂತವನ್ನು ದಾಖಲಿಸುತ್ತಾನೆ. ಇಬ್ಬರೂ ಮಹಮ್ಮದನ ಆಸ್ಥಾನವನ್ನು ಹತ್ತಿರದಿಂದ ಬಲ್ಲವರು. ಇಬ್ಬರೂ ಬರೆದದ್ದು ಅವನ ಕಾಲ ಮುಗಿದ ಮೇಲೆ. ಇಬ್ಬರಲ್ಲಿ ಯಾರ ಮಾತನ್ನು ನಂಬಬೇಕು ಎಂಬ ವಿಚಾರದಲ್ಲಿ ಇತಿಹಾಸಕಾರರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ.

ಕಾರ್ನಾಡರು ಈ ಭಿನ್ನಾಭಿಪ್ರಾಯವನ್ನು ತೀರ್ಮಾನಿಸಲು ಹೋಗದೆ ಅದನ್ನು ನಾಟಕದ ಪಾತ್ರವಾಗಿಯೇ ರಂಗಕ್ಕೆ ತರುತ್ತಾರೆ. ೧೩೨೭ರ ದೆಹಲಿಯ ನ್ಯಾಯಾಲಯದ ಮುಂದೆ ಆರಂಭವಾಗುವ ಮೊದಲ ದೃಶ್ಯದಲ್ಲಿ ನೆರೆದ ಗುಂಪು ಸುಲ್ತಾನನ ನ್ಯಾಯಪರತೆಯನ್ನೂ ಅವನ ಪಿತೃಹತ್ಯೆಯ ವದಂತಿಯನ್ನೂ ಒಂದೇ ಉಸಿರಿನಲ್ಲಿ ಚರ್ಚಿಸುತ್ತದೆ. ಅದೂ ಪ್ರಾರ್ಥನೆಯ ಹೊತ್ತಿನಲ್ಲಿ ನಡೆದ ಕೊಲೆ ಎಂಬ ಆರೋಪ ಅದಕ್ಕೆ ಸೇರಿಕೊಂಡು, ಮುಂದೆ ನಾಟಕದುದ್ದಕ್ಕೂ ಪ್ರಾರ್ಥನೆ ಮತ್ತು ಕೊಲೆ ಒಂದನ್ನೊಂದು ಬೆನ್ನಟ್ಟುತ್ತವೆ. ಚರಿತ್ರಕಾರ ಬರನಿಯನ್ನೇ ಸುಲ್ತಾನನ ಗೆಳೆಯನಾಗಿ ರಂಗದ ಮೇಲೆ ನಿಲ್ಲಿಸಿರುವುದು ಇನ್ನೂ ಅರ್ಥಪೂರ್ಣವಾದುದು. ಘಟನೆಗಳನ್ನು ಮುಂದೆ ಬರೆದಿಡಬೇಕಾದವನು ಕಣ್ಣೆದುರಿಗಿದ್ದೂ ಗೆಳೆಯನ ಉದ್ದೇಶವನ್ನು ಅರಿಯಲಾರದೆ ತೊಳಲುತ್ತಾನೆ. ಸಾಕ್ಷಿ ಹತ್ತಿರವಿದ್ದ ಮಾತ್ರಕ್ಕೆ ಉದ್ದೇಶ ಸ್ಪಷ್ಟವಾಗುವುದಿಲ್ಲ ಎಂಬುದು ಈ ಪಾತ್ರರಚನೆಯ ಧ್ವನಿ.

೪. ಮೂರು ಸಾವುಗಳು, ಮೂರು ಬಗೆಯ ಸಾಕ್ಷ್ಯ

ಹದಿಮೂರು ದೃಶ್ಯಗಳ ಈ ನಾಟಕದ ಎರಡನೆಯ ದೃಶ್ಯದಲ್ಲಿ ಸುಲ್ತಾನ ಚದುರಂಗದ ಹಲಗೆಯ ಮೇಲೆ ಬಾಗಿ, ಯಾರೂ ಬಿಡಿಸಲಾರದ ಸಮಸ್ಯೆಯೊಂದನ್ನು ಬಿಡಿಸಿದೆನೆಂದು ಮಲತಾಯಿಗೆ ಹೇಳುತ್ತಾನೆ. ಅದರ ಬೆನ್ನಿಗೇ ಬಾಲ್ಯದ ಗೆಳೆಯ ಐನ್-ಉಲ್-ಮುಲ್ಕ್ ದೆಹಲಿಯ ಮೇಲೆ ದಂಡೆತ್ತಿ ಬರುತ್ತಿರುವ ಸುದ್ದಿ ಚರ್ಚೆಗೆ ಬರುತ್ತದೆ. ಚದುರಂಗ ದ್ಯೂತಕ್ಕಿಂತ ಭಿನ್ನವಾದ ಆಟ. ದ್ಯೂತದಲ್ಲಿ ಅದೃಷ್ಟಕ್ಕೆ ಪಾಲುಂಟು, ಆದುದರಿಂದ ಮೋಸಕ್ಕೂ ಎಡೆಯುಂಟು. ಚದುರಂಗದಲ್ಲಿ ಎಲ್ಲ ಕಾಯಿಗಳೂ ಇಬ್ಬರ ಕಣ್ಣೆದುರಿಗೇ ಇರುತ್ತವೆ, ಕಾಣದಿರುವುದು ಎದುರಾಳಿಯ ಮನಸ್ಸು ಮಾತ್ರ. ನಾಟಕದ ಸಾವುಗಳನ್ನು ಈ ನೆಲೆಯಿಂದ ನೋಡಬಹುದು.

ಮೊದಲನೆಯದು ಶೇಖ್ ಇಮಾಮುದ್ದೀನನ ಸಾವು. ಸುಲ್ತಾನನನ್ನು ಬಹಿರಂಗವಾಗಿ ಟೀಕಿಸುತ್ತಿದ್ದ ಈ ಧರ್ಮಗುರುವಿನ ಸಭೆಗೆ ಜನರೆಲ್ಲ ಬರಬೇಕೆಂದು ಸುಲ್ತಾನನೇ ಸಾರಿಸುತ್ತಾನೆ. ಆದರೆ ಸಭೆಗೆ ಒಬ್ಬರೂ ಬರುವುದಿಲ್ಲ. ಅನಂತರ ಸುಲ್ತಾನ ಅವನನ್ನು ಐನ್-ಉಲ್-ಮುಲ್ಕನ ಬಳಿಗೆ ಶಾಂತಿದೂತನಾಗಿ ಕಳುಹಿಸುತ್ತಾನೆ. ನೋಡಲು ಸುಲ್ತಾನನನ್ನೇ ಹೋಲುವ ಶೇಖ್ ರಾಜೋಚಿತವಾದ ಉಡುಪಿನಲ್ಲಿ ಆನೆಯ ಮೇಲೆ ಹೋಗಿ ಬಾಣಗಳಿಗೆ ಬಲಿಯಾಗುತ್ತಾನೆ. ಬಂಡಾಯವೂ ಅಡಗುತ್ತದೆ, ಟೀಕೆಯೂ ಅಡಗುತ್ತದೆ. ಒಂದೇ ನಡೆಯಲ್ಲಿ ಎರಡು ಕಾಯಿಗಳು ಹಲಗೆಯಿಂದ ಇಳಿದಂತೆ.

ಇದು ಸಂಚೆಂದು ನಾವು ತಿಳಿಯುವುದು ಹೇಗೆ? ಸೈನಿಕರು ಮನೆಮನೆಗೆ ಹೋಗಿ ಸಭೆಗೆ ಹೋಗದಂತೆ ಜನರನ್ನು ಬೆದರಿಸಿದರೆಂಬುದನ್ನೂ, ರಣರಂಗದಲ್ಲಿ ಮೊದಲು ದಾಳಿಯ ಕಹಳೆ ಮೊಳಗಿದ್ದು ಸುಲ್ತಾನನ ಕಡೆಯಿಂದಲೇ ಎಂಬುದನ್ನೂ ಹೇಳುವವನು ರತನಸಿಂಗ. ಆ ಮಾತಿನಿಂದಲೇ ಶಿಹಾಬುದ್ದೀನ್ ಸುಲ್ತಾನನ ವಿರೋಧಿಯಾಗಿ ತಿರುಗುತ್ತಾನೆ. ಆದರೆ ರತನಸಿಂಗ ನಿಷ್ಪಕ್ಷಪಾತಿ ಸಾಕ್ಷಿಯೇ? ಶಿಹಾಬುದ್ದೀನನ ತಂದೆ ತನ್ನ ತಂದೆಯನ್ನು ಮೋಸದಿಂದ ಕೊಂದುದಕ್ಕೆ ಸೇಡು ತೀರಿಸಿಕೊಳ್ಳಲು ಕಾದಿದ್ದವನು ಅವನು ಎಂಬುದು ಎರಡು ದೃಶ್ಯಗಳ ಅನಂತರ ಬಯಲಾಗುತ್ತದೆ. ಸುಲ್ತಾನನನ್ನು ಪ್ರಾರ್ಥನೆಯ ವೇಳೆಯಲ್ಲಿ ಕೊಲ್ಲುವ ಸಲಹೆಯನ್ನು ಕೊಟ್ಟವನೂ ಅವನೇ, ಆ ಸಂಚನ್ನು ಸುಲ್ತಾನನಿಗೆ ತಿಳಿಸಿದವನೂ ಅವನೇ. ಅಂದರೆ ಬಯಲ ರಂಗದ ಶಕುನಿ ಇಲ್ಲಿ ರತನಸಿಂಗನ ರೂಪದಲ್ಲಿ ಪ್ರವೇಶಿಸಿ, ಆಶ್ರಯ ಕೊಟ್ಟ ಕುಲವನ್ನು ಒಳಗಿನಿಂದ ನಾಶಮಾಡಿ ಹೊರಟುಹೋಗುತ್ತಾನೆ. ಕಾರ್ನಾಡರು ಗುಪ್ತ ಉದ್ದೇಶದ ಪಾತ್ರವನ್ನು ಅಂಚಿಗೆ ಸರಿಸಿ, ಕೇಂದ್ರದ ಪಾತ್ರದ ವಿರುದ್ಧ ನಮಗಿರುವ ಮೊದಲ ಸಾಕ್ಷಿಯನ್ನಾಗಿ ಅವನನ್ನೇ ಇಟ್ಟಿದ್ದಾರೆ. ಸಾಕ್ಷ್ಯ ನಿಜವಿರಬಹುದು, ಆದರೆ ಸಾಕ್ಷಿ ಕಲುಷಿತ. ಇದು ಓದುಗನನ್ನು ಶಿಹಾಬುದ್ದೀನನ ಸ್ಥಾನದಲ್ಲಿಯೇ ತಂದು ನಿಲ್ಲಿಸುತ್ತದೆ. ಸುಲ್ತಾನನ ಉದ್ದೇಶವನ್ನು ಪತ್ತೆಹಚ್ಚುವ ತವಕದಲ್ಲಿ ಅವನು ಪಕ್ಕದಲ್ಲಿದ್ದವನ ಉದ್ದೇಶವನ್ನು ಕಾಣದೆ ಹೋಗುತ್ತಾನೆ.

ಎರಡನೆಯದು ಶಿಹಾಬುದ್ದೀನನ ಸಾವು. ಇದರಲ್ಲಿ ಯಾವ ರಹಸ್ಯವೂ ಇಲ್ಲ. ಸುಲ್ತಾನ ಬರನಿಯ ಕಣ್ಣೆದುರಿನಲ್ಲಿಯೇ ಅವನನ್ನು ತನ್ನ ಕೈಯಾರೆ ಮತ್ತೆ ಮತ್ತೆ ಇರಿಯುತ್ತಾನೆ. ರಹಸ್ಯವಿರುವುದು ಅನಂತರ ತಯಾರಾಗುವ ಕಥೆಯಲ್ಲಿ. ಶಿಹಾಬುದ್ದೀನ್ ಸುಲ್ತಾನನ ಪ್ರಾಣ ಉಳಿಸಲು ಹೋಗಿ ಹುತಾತ್ಮನಾದನೆಂದು ಸಾರಲಾಗುತ್ತದೆ. ಇಲ್ಲಿ ಅಧಿಕಾರ ಸಂಗತಿಯನ್ನಷ್ಟೇ ತಿರುಚುವುದಿಲ್ಲ, ಸತ್ತವನ ಉದ್ದೇಶವನ್ನೇ ತಿದ್ದುತ್ತದೆ. ದಂಗೆಕೋರನನ್ನು ನಿಷ್ಠನನ್ನಾಗಿ ಮಾರ್ಪಡಿಸುವ ಈ ಕ್ರಮ ಅಧಿಕೃತ ಚರಿತ್ರೆಯ ಕುರಿತು ನಾಟಕ ಮಾಡುವ ಅತ್ಯಂತ ಕಟುವಾದ ಟಿಪ್ಪಣಿ. ಉದ್ದೇಶ ಯಾರಿಗೂ ಕಾಣದ ವಸ್ತುವಾದುದರಿಂದಲೇ ಅಧಿಕಾರಕ್ಕೆ ಅದನ್ನು ಬರೆಯುವುದು ಸುಲಭ. ಹೆಣವನ್ನು ಅಡಗಿಸುವುದಕ್ಕಿಂತ ಹೆಣಕ್ಕೊಂದು ಉದ್ದೇಶವನ್ನು ತೊಡಿಸುವುದು ಹೆಚ್ಚು ಫಲಕಾರಿ.

ಮೂರನೆಯದು ವಜೀರ ನಜೀಬನ ಸಾವು. ಪತ್ತೇದಾರಿ ಕಥೆಯ ನಿಯಮಕ್ಕೆ ನಾಟಕದಲ್ಲಿ ಅತ್ಯಂತ ಹತ್ತಿರವಿರುವುದು ಇದೇ. ವಿಷಪ್ರಯೋಗ ನಡೆದಿದೆ, ಮಾಡಿದವರಾರೆಂದು ತಿಳಿಯದು, ಸುಲ್ತಾನ ಬಿಡದೆ ಹುಡುಕಿಸುತ್ತಾನೆ. ಹತ್ತನೆಯ ದೃಶ್ಯದಲ್ಲಿ ಮಲತಾಯಿ ತಾನೇ ಮಾಡಿಸಿದುದೆಂದು ಒಪ್ಪಿಕೊಳ್ಳುತ್ತಾಳೆ. ಅವಳ ಸಮರ್ಥನೆ ಮಗನ ಹಿತ. ನಜೀಬನ ಪ್ರಭಾವದಿಂದ ಅವನನ್ನು ಬಿಡಿಸಬೇಕೆಂಬ ಕಾಳಜಿ ಎರಡನೆಯ ದೃಶ್ಯದಲ್ಲಿಯೇ ಅವಳ ಮಾತಿನಲ್ಲಿ ಕಂಡಿತ್ತು. ಹಾಗಾದರೆ ಉದ್ದೇಶ ಸ್ಪಷ್ಟವಾಯಿತಲ್ಲವೇ ಎಂದು ಕೇಳಬಹುದು. ಆದರೆ ಇಲ್ಲಿಯೇ ಸಂಭಾಷಣೆ ತಿರುಗಿನಿಲ್ಲುತ್ತದೆ. ಅವಳು ಅವನ ತಂದೆ, ಸಹೋದರ ಹಾಗೂ ಶೇಖರ ಸಾವುಗಳನ್ನು ಎತ್ತುತ್ತಾಳೆ. ಅವನು ಅವುಗಳನ್ನು ಒಪ್ಪಿಕೊಳ್ಳುತ್ತಾನೆ, ಆದರ್ಶವೊಂದಕ್ಕಾಗಿ ಮಾಡಿದುದೆಂದು ವಾದಿಸುತ್ತಾನೆ. ಮೊದಲ ದೃಶ್ಯದಿಂದ ಕಾಡುತ್ತಿದ್ದ 'ಯಾರು' ಎಂಬ ಪ್ರಶ್ನೆ ಈ ಕ್ಷಣದಲ್ಲಿ ಬಗೆಹರಿಯಿತು. ಆದರೂ ಪ್ರೇಕ್ಷಕನಿಗೆ ನೆಮ್ಮದಿಯಿಲ್ಲ. ಕೊಲೆಗಾರರಿಬ್ಬರು ಎದುರುಬದುರು ನಿಂತು, ಇಬ್ಬರೂ ಪ್ರೀತಿಯನ್ನೋ ಆದರ್ಶವನ್ನೋ ಕಾರಣವಾಗಿ ಕೊಡುತ್ತಿದ್ದಾರೆ. ಒಬ್ಬರು ಇನ್ನೊಬ್ಬರಿಗೆ ಮರಣದಂಡನೆ ವಿಧಿಸುತ್ತಾರೆ. ಇಬ್ಬರ ನಡುವಿನ ಭೇದ ಉದ್ದೇಶದ ಶುದ್ಧಿಯಲ್ಲಿಲ್ಲ, ದಂಡಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದರಲ್ಲಿದೆ. ಕೃತ್ಯದ ತಪ್ಪೊಪ್ಪಿಗೆಯಿಂದ ಉದ್ದೇಶದ ಒಗಟು ಬಿಡುವುದಿಲ್ಲ ಎಂಬುದಕ್ಕೆ ಕನ್ನಡ ರಂಗಭೂಮಿಯಲ್ಲಿ ಇದಕ್ಕಿಂತ ತೀವ್ರವಾದ ನಿದರ್ಶನ ವಿರಳ.

೫. ಸ್ಪಷ್ಟ ಉದ್ದೇಶದ ಪಾತ್ರ: ಅಜೀಜ್

ಸುತ್ತಲಿನ ಈ ಮಬ್ಬಿನಲ್ಲಿ ಹಗಲಿನಷ್ಟು ಸ್ಪಷ್ಟವಾಗಿರುವ ಪಾತ್ರ ಅಗಸ ಅಜೀಜನದು. ಅವನಿಗೆ ಬೇಕಾದದ್ದು ಹಣ ಮತ್ತು ಅಧಿಕಾರ. ಅದನ್ನು ಅವನು ಗೆಳೆಯ ಆಜಮನ ಮುಂದೆ ಮರೆಮಾಚುವುದಿಲ್ಲ. ಅವನ ವೃತ್ತಾಂತವನ್ನು ಕ್ರಮವಾಗಿ ಜೋಡಿಸಿದರೆ ಸುಲ್ತಾನನ ಸುಧಾರಣೆಗಳ ಪಟ್ಟಿಯೇ ನಮ್ಮ ಕೈಗೆ ಸಿಗುತ್ತದೆ. ಪ್ರಜೆ ಸುಲ್ತಾನನ ಮೇಲೂ ದಾವೆ ಹೂಡಬಹುದೆಂಬ ನ್ಯಾಯಸುಧಾರಣೆಯನ್ನು ಬಳಸಿ, ವಿಷ್ಣುಪ್ರಸಾದನೆಂಬ ಬ್ರಾಹ್ಮಣನ ಹೆಸರಿನಲ್ಲಿ ಭೂಮಿಯ ದಾವೆ ಗೆದ್ದು ಪರಿಹಾರವನ್ನೂ ಸರಕಾರಿ ನೌಕರಿಯನ್ನೂ ಪಡೆಯುತ್ತಾನೆ. ರಾಜಧಾನಿ ದೌಲತಾಬಾದಿಗೆ ವರ್ಗವಾಗುವಾಗ ದಾರಿಯ ಬಿಡಾರದಲ್ಲಿ ಅಧಿಕಾರಿಯಾಗಿದ್ದು, ರೋಗಿಷ್ಠ ಮಗುವನ್ನು ಎತ್ತಿಕೊಂಡು ಬಂದ ತಾಯಿಯಿಂದಲೂ ಲಂಚ ನಿರೀಕ್ಷಿಸುತ್ತಾನೆ. ತಾಮ್ರದ ನಾಣ್ಯ ಜಾರಿಗೆ ಬಂದಾಗ ಖೋಟಾ ನಾಣ್ಯ ಟಂಕಿಸುತ್ತಾನೆ. ಪ್ರಾರ್ಥನೆಯನ್ನು ಮರಳಿ ಆರಂಭಿಸಲು ಖಲೀಫನ ವಂಶಸ್ಥನನ್ನು ಕರೆಸಿದಾಗ, ಅವನನ್ನು ಕೊಂದು ಅವನ ವೇಷದಲ್ಲಿ ತಾನೇ ಬರುತ್ತಾನೆ.

ಪ್ರತಿಯೊಂದು ಆದರ್ಶ ಯೋಜನೆಗೂ ಒಂದು ವಂಚನೆ ಜೋಡಿಯಾಗಿ ನಿಲ್ಲುವ ಈ ರಚನೆಯನ್ನು ಆದರ್ಶದ ವಿಡಂಬನೆ ಎಂದಷ್ಟೇ ಓದಿದರೆ ಸಾಲದು. ಅಜೀಜನಿಗೆ ಸುಲ್ತಾನನ ಉದ್ದೇಶ ಏನೆಂಬುದು ಒಂದು ಪ್ರಶ್ನೆಯೇ ಅಲ್ಲ. ಆಜ್ಞೆಯ ಹಿಂದಿರುವ ಮನಸ್ಸು ಒಳ್ಳೆಯದೋ ಕೆಟ್ಟದ್ದೋ ಎಂದು ಅವನು ಯೋಚಿಸುವುದಿಲ್ಲ, ಆ ಆಜ್ಞೆಯಲ್ಲಿ ನುಸುಳಬಹುದಾದ ಸಂದಿ ಎಲ್ಲಿದೆ ಎಂದು ನೋಡುತ್ತಾನೆ. ಅಮೀರರು, ಶೇಖರು, ಬರನಿ, ಮಲತಾಯಿ ಎಲ್ಲರೂ ಸುಲ್ತಾನನ ಅಂತರಂಗವನ್ನು ಓದಲು ಹೆಣಗುತ್ತಿರುವಾಗ ಅವನ ಆಡಳಿತವನ್ನು ಸರಿಯಾಗಿ ಓದಿದವನು ಈ ವಂಚಕನೊಬ್ಬನೇ. ಕೊನೆಯ ದೃಶ್ಯದಲ್ಲಿ ಸಿಕ್ಕಿಬಿದ್ದಾಗ ತಾನೇ ಸುಲ್ತಾನನ ನಿಜವಾದ ಅನುಯಾಯಿ ಎಂದು ಅವನು ವಾದಿಸುವುದರಲ್ಲಿ ಈ ಅಂಶವಿದೆ. ಸುಲ್ತಾನ ಅವನನ್ನು ಶಿಕ್ಷಿಸದೆ ದಖ್ಖನಿನ ಸೈನ್ಯದಲ್ಲಿ ಅಧಿಕಾರಿಯನ್ನಾಗಿ ನೇಮಿಸುತ್ತಾನೆ. ಸ್ವಂತ ಮಲತಾಯಿಗೆ ಇಲ್ಲದ ಕ್ಷಮೆ ಅಜೀಜನಿಗೆ ಏಕೆ ದೊರೆಯಿತು? ಮೆಚ್ಚುಗೆಯೋ, ದಣಿವೋ, ಸುಳ್ಳು ಬಯಲಾಗುವ ಭಯವೋ, ತನ್ನ ಪ್ರತಿಬಿಂಬವನ್ನು ಕಂಡ ಗುರುತೋ? ನಾಟಕ ಯಾವುದನ್ನೂ ಅಲ್ಲಗಳೆಯುವುದಿಲ್ಲ. ಆದರೆ ಪರಿಣಾಮ ಮಾತ್ರ ನಿಸ್ಸಂದಿಗ್ಧ: ಕೊಲೆಗಾರನೊಬ್ಬ ಸರಕಾರದ ಅಧಿಕಾರಿಯಾದ. ಭ್ರಷ್ಟತೆಯ ನಿಜವಾದ ಸ್ವರೂಪ ಇಲ್ಲಿದೆ. ಅದು ನಡೆಯಲು ಯಾರ ಉದ್ದೇಶವೂ ಪತ್ತೆಯಾಗಬೇಕಾಗಿಲ್ಲ.

೬. ವಿಮರ್ಶೆಯ ಎರಡು ದಾರಿಗಳು

೧೯೭೦ರ ದಶಕದಲ್ಲಿ ಇಬ್ರಾಹಿಂ ಅಲ್ಕಾಜಿಯವರು ದೆಹಲಿಯ ಪುರಾನಾ ಕಿಲಾದಲ್ಲಿ ಮಾಡಿದ ಪ್ರಯೋಗ, ಕನ್ನಡದಲ್ಲಿ ಸಿ. ಆರ್. ಸಿಂಹ ಅವರ ಅಭಿನಯ ಮೊದಲಾದವುಗಳಿಂದ ನಾಟಕಕ್ಕೆ ವ್ಯಾಪಕ ಪ್ರಸಿದ್ಧಿ ದೊರೆಯಿತು. ಪ್ರಕಟವಾದ ವರ್ಷವೇ ನೆಹರೂ ಅವರು ನಿಧನರಾದುದರಿಂದ, ಸ್ವಾತಂತ್ರ್ಯೋತ್ತರ ಆದರ್ಶವಾದದ ಭ್ರಮನಿರಸನವನ್ನು ಈ ಕೃತಿಯಲ್ಲಿ ಕಾಣುವ ಓದು ಬೇಗನೆ ನೆಲೆಗೊಂಡಿತು. ೧೯೭೨ರ ಇಂಗ್ಲಿಷ್ ಆವೃತ್ತಿಗೆ ಬರೆದ ಪ್ರಸ್ತಾವನೆಯಲ್ಲಿ ಯು. ಆರ್. ಅನಂತಮೂರ್ತಿಯವರು ಈ ಸಮಕಾಲೀನತೆಯನ್ನು ಗುರುತಿಸಿದರೂ, ನಾಟಕವನ್ನು ರಾಜಕೀಯ ಅನ್ಯೋಕ್ತಿಗೆ ಇಳಿಸಲಾಗದು, ತುಘಲಕನ ವ್ಯಕ್ತಿತ್ವದ ಸಂದಿಗ್ಧತೆ ಅದಕ್ಕೆ ಬಿಡಿಸಲಾರದ ಒಗಟಿನ ಗುಣವನ್ನು ಕೊಟ್ಟಿದೆ ಎಂದು ಎಚ್ಚರಿಸಿದ್ದಾರೆ.

ಈ ಎಚ್ಚರಿಕೆ ಸರಿಯಾದುದೇ. ಆದರೆ ಮುಂದಿನ ಓದುಗಳು ಅದನ್ನು ಹೆಚ್ಚಾಗಿ ಮನೋವೈಜ್ಞಾನಿಕ ನೆಲೆಯಲ್ಲಿ ಬೆಳೆಸಿದಂತೆ ತೋರುತ್ತದೆ. ಸಂದಿಗ್ಧತೆ ಸುಲ್ತಾನನ ಆತ್ಮದ ಆಳವನ್ನು ತೋರುವ ಗುಣವಾಗಿ, ಬಹುತೇಕ ಅವನ ಹಿರಿಮೆಯಾಗಿ ಪರಿಣಮಿಸಿತು. ನಾಯಕನ ಸಂಕೀರ್ಣತೆಗೆ ಬೆರಗಾದ ಓದುಗನಿಗೆ ದೌಲತಾಬಾದಿನ ದಾರಿಯಲ್ಲಿದ್ದ ತಾಯಿಯ ನೆನಪು ಉಳಿಯುವುದಿಲ್ಲ. ಆ ತಾಯಿಗೆ ಹೆಸರಿಲ್ಲ. ಸುಲ್ತಾನನ ಉದ್ದೇಶ ಏನೇ ಇದ್ದರೂ ಅವಳ ಮಗುವಿಗೆ ಸಿಗಬೇಕಾದ ಚಿಕಿತ್ಸೆ ಸಿಗಲಿಲ್ಲ. ಸಂದಿಗ್ಧತೆಯನ್ನು ಸೌಂದರ್ಯವೆಂದು ಮಾತ್ರ ಗ್ರಹಿಸುವ ವಿಮರ್ಶೆ ಕೊನೆಗೆ ಧೃತರಾಷ್ಟ್ರನ ಸಭೆಯ ಹಿರಿಯರ ನಿಲುವಿಗೆ ಬಂದು ನಿಲ್ಲುವ ಅಪಾಯವಿದೆ. ಧರ್ಮ ಸೂಕ್ಷ್ಮವಾದುದೆಂಬ ಮಾತು ನಿಜವಿದ್ದೂ ಆ ಗಳಿಗೆಯಲ್ಲಿ ಅದು ನೆರವಾದದ್ದು ಸೀರೆ ಸೆಳೆಯುವವನಿಗೆ.

೭. ಬೋಧನೆಯ ನೆಲೆ

ಈ ಚರ್ಚೆಯ ಹಿನ್ನೆಲೆಯಲ್ಲಿ ತರಗತಿಯಲ್ಲಿ ಅನುಸರಿಸಬಹುದಾದ ಕ್ರಮವೊಂದನ್ನು ಸೂಚಿಸಬಹುದು. ನಾಟಕದ ಪ್ರತಿಯೊಂದು ಮುಖ್ಯ ಘಟನೆಗೂ ನಾಲ್ಕು ಕಲಂಗಳನ್ನು ಮಾಡಿಸುವುದು: ನಡೆದದ್ದು ಏನು, ಅದರ ಬಗ್ಗೆ ಹೇಳಿದ್ದು ಏನು, ಹೇಳಿದವರು ಯಾರು, ನಷ್ಟ ಯಾರಿಗಾಯಿತು. ಉದ್ದೇಶಕ್ಕೆ ಬೇಕೆಂದೇ ಪ್ರತ್ಯೇಕ ಕಲಂ ಕೊಡಬಾರದು. ಅದು ಎರಡನೆಯ ಕಲಮಿನಲ್ಲಿ, ಅಂದರೆ ಹೇಳಿಕೆ ಎಂಬ ಸ್ಥಾನದಲ್ಲಿ ಬರಬೇಕು. ಶೇಖ್‌ನ ಪ್ರಕರಣವನ್ನು ಈ ರೀತಿ ಬರೆದಾಗ ಮೂರನೆಯ ಕಲಮಿನಲ್ಲಿ ರತನಸಿಂಗನ ಹೆಸರು ಬರುತ್ತದೆ, ಅವನ ಮಾತನ್ನು ಮರುಪರೀಕ್ಷಿಸುವ ಅಗತ್ಯ ವಿದ್ಯಾರ್ಥಿಗೆ ತಾನಾಗಿಯೇ ಹೊಳೆಯುತ್ತದೆ. ಶಿಹಾಬುದ್ದೀನನ ಪ್ರಕರಣದಲ್ಲಿ ಮೊದಲ ಎರಡು ಕಲಂಗಳು ಒಂದಕ್ಕೊಂದು ವಿರುದ್ಧವಾಗಿ ನಿಲ್ಲುತ್ತವೆ. ಬಿಡಾರದ ದೃಶ್ಯದಲ್ಲಿ ಎರಡನೆಯ ಕಲಂ ಬಹುಮಟ್ಟಿಗೆ ಬರಿದಾಗಿದ್ದು ನಾಲ್ಕನೆಯದು ತುಂಬಿರುತ್ತದೆ. ಆ ತಾಯಿಯ ಕುರಿತು ಅಧಿಕಾರ ಏನನ್ನೂ ಹೇಳಬೇಕಾಗಿ ಬಂದಿಲ್ಲ ಎಂಬುದೇ ಒಂದು ಅರ್ಥ.

ಗ್ರಾಮೀಣ ವಿದ್ಯಾರ್ಥಿಗಳ ರಂಗಾನುಭವವನ್ನು ಇದಕ್ಕೆ ಪೂರ್ವಪೀಠಿಕೆಯಾಗಿ ಬಳಸಿಕೊಳ್ಳುವುದು ಉಚಿತ. ಶಕುನಿಯ ಮೂಳೆಯ ದಾಳದ ಕಥೆಯನ್ನು ಅವರಿಂದಲೇ ಹೇಳಿಸಿ, ಆ ಕಥೆ ಇಲ್ಲದಿದ್ದರೆ ದ್ಯೂತಸಭೆಯ ಹೊಣೆ ಯಾರ ಮೇಲೆ ಬೀಳುತ್ತಿತ್ತು ಎಂದು ಕೇಳಬಹುದು. ಪೌರಾಣಿಕ ನಾಟಕವನ್ನು ಆಧುನಿಕ ನಾಟಕದ ಹಿಂದುಳಿದ ಮಾದರಿಯೆಂದು ಭಾವಿಸುವ ನಮ್ಮ ಪಠ್ಯಕ್ರಮದ ದೃಷ್ಟಿಯೂ ಇದರಿಂದ ಸ್ವಲ್ಪಮಟ್ಟಿಗೆ ತಿದ್ದುಪಡಿಯಾಗುತ್ತದೆ. ಎರಡೂ ಒಂದೇ ಪ್ರಶ್ನೆಗೆ ಎದುರಾಗಿವೆ. ಒಂದು ಬೀಗದ ಕೈಯನ್ನು ಪ್ರೇಕ್ಷಕನಿಗೆ ಕೊಟ್ಟು ಸಮಾಧಾನಪಡಿಸುತ್ತದೆ, ಇನ್ನೊಂದು ಕೈಯೇ ಇಲ್ಲವೆಂದು ತೋರಿಸಿ ಎಚ್ಚರದಲ್ಲಿಡುತ್ತದೆ.

೮. ಸಮಾರೋಪ

ಇದುವರೆಗಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಗುಪ್ತ ಉದ್ದೇಶ ಮತ್ತು ಸಂದಿಗ್ಧ ಉದ್ದೇಶ ಬೇರೆ ಬೇರೆ. ಮೊದಲನೆಯದು ಬಯಲಾದಾಗ ಕಥೆ ಮುಗಿಯುತ್ತದೆ. ಎರಡನೆಯದು ತಪ್ಪೊಪ್ಪಿಗೆಯ ಅನಂತರವೂ ಉಳಿಯುತ್ತದೆ. 'ತುಘಲಕ್' ನಾಟಕದಲ್ಲಿ ಮೊದಲನೆಯದು ರತನಸಿಂಗನಲ್ಲಿ, ಎರಡನೆಯದು ಸುಲ್ತಾನನಲ್ಲಿ ಮೂರ್ತಗೊಂಡಿದೆ. ಈ ಎರಡನ್ನೂ ಅಪ್ರಸ್ತುತವಾಗಿಸುವ ಮೂರನೆಯ ನೆಲೆ ಅಜೀಜನದು. ಸುಲ್ತಾನನ ಅಂತರಂಗವನ್ನು ಬಗೆದು ನೋಡಲು ಹೊರಟ ಪಾತ್ರಗಳು ಒಂದೊಂದಾಗಿ ಸಾಯುತ್ತವೆ ಇಲ್ಲವೇ ದೂರ ಸರಿಯುತ್ತವೆ. ಉಳಿಯುವುದು ಸುಲ್ತಾನ ಮತ್ತು ಅವನಿಂದ ನೇಮಕಗೊಂಡ ವಂಚಕ.

ಆಳುವವರ ಮನಸ್ಸಿನಲ್ಲಿ ಏನಿತ್ತು ಎಂಬ ಚರ್ಚೆಗೆ ಕೊನೆಯಿಲ್ಲ. ಕೊನೆಯಿಲ್ಲದಿರುವುದರಿಂದಲೇ ಅದು ಆಳುವವರಿಗೆ ಅನುಕೂಲಕರ. ಏನು ನಡೆಯಿತು, ಯಾರು ನೊಂದರು, ಯಾರು ಸುಮ್ಮನಿದ್ದರು ಎಂಬ ಪ್ರಶ್ನೆಗಳಿಗೆ ಉತ್ತರ ದೊರೆಯುತ್ತದೆ. ದೊರೆಯುವುದರಿಂದಲೇ ಅವು ಅಹಿತಕರ. ಸಾಹಿತ್ಯದ ಓದು ವಿದ್ಯಾರ್ಥಿಯನ್ನು ಮೊದಲ ಬಗೆಯ ಚರ್ಚೆಯಿಂದ ಎರಡನೆಯ ಬಗೆಯ ಪ್ರಶ್ನೆಗಳ ಕಡೆಗೆ ಕರೆದೊಯ್ಯಬಲ್ಲುದಾದರೆ, ನಾಟಕದ ಹದಿಮೂರು ದೃಶ್ಯಗಳು ತರಗತಿಯ ಹೊರಗೂ ಅವನಿಗೆ ಉಪಯೋಗಕ್ಕೆ ಬರುತ್ತವೆ. ಗ್ರಾಮೀಣ ಪೌರಾಣಿಕ ರಂಗಭೂಮಿಯ ಶಕುನಿ, ಮಂಥರೆ ಮೊದಲಾದ ಪಾತ್ರಗಳ ಉದ್ದೇಶವನ್ನು ಆಯಾ ಪ್ರದೇಶದ ಪ್ರಯೋಗಗಳು ಹೇಗೆ ಮರುರೂಪಿಸಿಕೊಂಡಿವೆ ಎಂಬುದರ ಕ್ಷೇತ್ರಾಧ್ಯಯನ ನಡೆದರೆ, ಇಲ್ಲಿ ಸೂಚಿಸಿದ ಭೇದವನ್ನು ಇನ್ನಷ್ಟು ವಿಸ್ತಾರವಾದ ನೆಲೆಯಲ್ಲಿ ಪರೀಕ್ಷಿಸುವುದು ಸಾಧ್ಯವಾಗುತ್ತದೆ.